ತೊಳೆದು ಕೊಟ್ಟ ಕುರ್ತಾ

ಸುನಂದಾ ಟೀಚರ್ ಬರೆಯುವುದನ್ನು ಬಿಟ್ಟು ಎರಡು ವರ್ಷವಾಯಿತು. ಕಲಬುರಗಿಯಲ್ಲಿ ಇದಕ್ಕೆ ಬೇಕಾದಷ್ಟು ಕಾರಣ ಹುಟ್ಟಿಕೊಂಡಿವೆ. ಪತ್ರಿಕೆಯವರೇ ಅಂಕಣ ನಿಲ್ಲಿಸಿದರು ಎನ್ನುವವರಿದ್ದಾರೆ, ಕಣ್ಣಿಗೆ ಪೊರೆ ಬಂದಿದೆ ಎನ್ನುವವರಿದ್ದಾರೆ, ಬರೆಯಲು ಇನ್ನು ಯಾವ ಬಟ್ಟೆ ಉಳಿದಿದೆ ಮಹಾ ಎಂದು ಮೂಗು ಮುರಿಯುವವರೂ ಇದ್ದಾರೆ. ಒಂದೂ ನಿಜವಲ್ಲ. ಪೊರೆ ತೆಗೆಸಿ ಐದು ವರ್ಷವಾಗಿದೆ, ಸಂಪಾದಕರು ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ನಿಜ ಗೊತ್ತಿರುವುದು ಅವರ ಗಂಡನಿಗೆ ಮತ್ತು ಕಮಲಾಪುರದ ಒಂದು ಮನೆಯವರಿಗೆ. ಅವರು ಯಾರ ಮುಂದೆಯೂ ಬಾಯಿ ಬಿಡುವವರಲ್ಲ.

ಟೀಚರ್ ಹುಟ್ಟಿದ್ದು ಕಮಲಾಪುರದಲ್ಲೇ. ತಂದೆ ಮಲ್ಲಣ್ಣನವರದು ಬಜಾರಿನಲ್ಲಿ ಒಂದು ಸಣ್ಣ ಬಟ್ಟೆ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಧೋತರ, ಟವೆಲು. ಸಂತೆಯ ದಿನ ಸುತ್ತಲಿನ ತಾಂಡಾಗಳಿಂದ ಲಂಬಾಣಿ ಹೆಂಗಸರು ಬಂದು ಕೆಂಪು ಬಟ್ಟೆ ಹರಿಸಿಕೊಂಡು ಹೋಗುತ್ತಿದ್ದರು. ಓರಗೆಯ ಹುಡುಗಿಯರೆಲ್ಲ ಅವರ ಬಳೆ, ಬೆಳ್ಳಿ ನೋಡಿ ಬೆರಗಾಗುತ್ತಿದ್ದರೆ ಸುನಂದಾ ಅವರ ಬೆನ್ನ ಹಿಂದೆ ನಿಂತು ರವಿಕೆಯ ಹೊಲಿಗೆ ಎಣಿಸುತ್ತಿದ್ದಳು. ಒಮ್ಮೆ ಒಬ್ಬ ಮುದುಕಿ ಅದನ್ನು ಕಂಡು ತನ್ನ ಲಂಗದ ಅಂಚನ್ನು ಮಗುಚಿ, ‘ಮುಂದಿಂದು ಎಲ್ಲಾರೂ ನೋಡ್ತಾರ, ಹಿಂದಿಂದು ನೋಡು. ಹಿಂದ ಸ್ವಚ್ಛ ಇತ್ತಂದ್ರ ಕೈ ಚಲೋ’ ಎಂದಳಂತೆ. ಅವತ್ತಿನಿಂದ ಸುನಂದಾ ಯಾರ ಬಟ್ಟೆ ಕಂಡರೂ ಮೊದಲು ಹಿಂಭಾಗ ನೋಡುವ ಹುಡುಗಿಯಾದಳು. ಬೀಗರ ಮನೆಯಲ್ಲಿ ಇದರಿಂದ ಬೈಸಿಕೊಂಡದ್ದೂ ಉಂಟು.

ಕಲಬುರಗಿಗೆ ಡಿಗ್ರಿ ಓದಲು ಬಂದವರು ಇಲ್ಲೇ ಇತಿಹಾಸದಲ್ಲಿ ಎಂ.ಎ. ಮಾಡಿದರು, ನೀರಾವರಿ ಇಲಾಖೆಯ ಗುಮಾಸ್ತ ನಾಗಣ್ಣನವರನ್ನು ಮದುವೆಯಾದರು, ಐವಾನ್-ಎ-ಶಾಹಿ ಬಡಾವಣೆಯಲ್ಲಿ ಮಾಳಿಗೆ ಮೇಲೊಂದು ಬಾಡಿಗೆ ಮನೆ ಹಿಡಿದರು. ಒಬ್ಬಳೇ ಮಗಳು ಮಲ್ಲಿಕಾ, ಈಗ ಬೀದರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಟೀಚರ್ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ ಇಪ್ಪತ್ತು ವರ್ಷ ಅತಿಥಿಯಾಗಿಯೇ ಉಳಿದರು. ಮನೆಯವರನ್ನಾಗಿ ಮಾಡಿಕೊಳ್ಳುವ ಮನಸ್ಸು ಕಾಲೇಜಿಗೆ ಕೊನೆಗೂ ಬರಲಿಲ್ಲ. ಒಮ್ಮೆ ಹುಡುಗಿಯರನ್ನು ಕೋಟೆ ತೋರಿಸಲು ಕರೆದುಕೊಂಡು ಹೋಗಿ, ಸುಲ್ತಾನರ ಹೆಸರು, ಇಸವಿ, ಯುದ್ಧ ಎಲ್ಲವನ್ನೂ ಒಪ್ಪಿಸಿ ಮುಗಿಸಿದ ಮೇಲೆ ಒಬ್ಬಳು ಕೇಳಿದಳು: ‘ಮಿಸ್, ಇವರೆಲ್ಲಾ ಮೈಮ್ಯಾಲ ಏನ್ ಹಾಕ್ಕೋತಿದ್ರು? ಯಾರು ಹೊಲಿತಿದ್ರು?’ ಉಳಿದವರು ನಕ್ಕರು. ಟೀಚರಿಗೆ ಮಾತ್ರ ನಗು ಬರಲಿಲ್ಲ, ಉತ್ತರವೂ ಬರಲಿಲ್ಲ. ಮನೆಗೆ ಬಂದು ರಾತ್ರಿ ಊಟಕ್ಕೆ ಕೂತಾಗಲೂ ಅದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು.

ಅಲ್ಲಿಂದ ಶುರುವಾಯಿತು ಬರವಣಿಗೆ. ಊರಿನ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಏನಾದರೂ ಬರೆಯುತ್ತೇನೆಂದು ಹೋದರೆ ಸಂಪಾದಕರು ‘ಅಡುಗೆ ಬರೀರಿ ಮೇಡಂ, ಓದ್ತಾರ’ ಎಂದರು. ಇವರು ಬರೆದುಕೊಟ್ಟದ್ದು, ಈ ಭಾಗದ ಲಿಂಗಾಯತ ಮುದುಕರೆಲ್ಲ ಹಳೆಯ ಫೋಟೋಗಳಲ್ಲಿ ಶೇರವಾನಿ ತೊಟ್ಟು ಯಾಕೆ ನಿಂತಿದ್ದಾರೆ ಎಂದು. ನಿಜಾಮರ ಕಾಲದಲ್ಲಿ ಕಚೇರಿಗೆ ಹೋಗಬೇಕಾದರೆ ಅದೇ ಉಡುಪು, ಮದುವೆಗೂ ಅದೇ. ಹಣೆಯಲ್ಲಿ ವಿಭೂತಿ, ಮೈಮೇಲೆ ಶೇರವಾನಿ, ತಲೆಗೆ ಕೆಂಪು ರೂಮಿ ಟೋಪಿ. ಓದಿದವರು ತಮ್ಮ ತಮ್ಮ ಗೋಡೆಯ ಫೋಟೋ ಇಳಿಸಿ ಧೂಳು ಒರೆಸಿ ನೋಡಿದರು. ಸಂಪಾದಕರು ಅಡುಗೆಯ ಮಾತು ಮತ್ತೆ ಎತ್ತಲಿಲ್ಲ. ‘ಸೂಜಿಯ ಹಾದಿ’ ಎಂಬ ಹೆಸರಿನಲ್ಲಿ ಅಂಕಣ ಹದಿನಾಲ್ಕು ವರ್ಷ ನಡೆಯಿತು. ಲಂಬಾಣಿ ಲಂಗದ ಕನ್ನಡಿ, ಮುಸಲ್ಮಾನ ಮದುಮಗಳ ದುಪಟ್ಟಾದ ಜರಿ, ಹಳೆಯ ಸೀರೆ ಪದರು ಪದರಾಗಿ ಇಟ್ಟು ಹೊಲಿಯುವ ಕೌದಿ, ಪೋಲೀಸರ ಹಳೆಯ ಅಂಗಿಯ ಹಿತ್ತಾಳೆ ಗುಂಡಿ, ಹೀಗೆ. ಬೆಂಗಳೂರಿನ ವಿದ್ವಾಂಸರು ಯಾರೂ ಇವರನ್ನು ಕ್ಯಾರೆ ಅನ್ನಲಿಲ್ಲ. ಕಲಬುರಗಿಯ ಜನ ಮಾತ್ರ ‘ಬಟ್ಟಿ ಟೀಚರ್’ ಎಂದು ಹೆಸರಿಟ್ಟು ಓದಿದರು.

ಅಂಕಣಕ್ಕೆ ಹಳೆಯ ಬಟ್ಟೆ ಬೇಕು, ಹಳೆಯ ಬಟ್ಟೆ ಉಳಿಯುವುದೇ ಅಪರೂಪ. ಮನುಷ್ಯ ಸತ್ತರೆ ಅವನ ಬಟ್ಟೆಯೂ ಮನೆ ಬಿಡುತ್ತದೆ. ಕೆಲವರು ಹದಿಮೂರು ದಿನದೊಳಗೆ ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮುಸಲ್ಮಾನರ ಎಷ್ಟೋ ಮನೆಗಳಲ್ಲಿ ನಲವತ್ತನೆಯ ದಿನದೊಳಗೆ ಬಡವರಿಗೆ ಹಂಚಿ ಟ್ರಂಕು ಖಾಲಿ ಮಾಡುತ್ತಾರೆ. ಹೀಗಾಗಿ ಟೀಚರ್ ಸಾವಿನ ಮನೆಗಳಿಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಹೋಗಿ ಒಂದು ತಾಸು ಸುಮ್ಮನೆ ಕೂರುವುದು, ಕೊಟ್ಟ ಚಹಾ ಕುಡಿಯುವುದು, ನೋಟ್‌ಬುಕ್ಕಿನ ಚೀಲಕ್ಕೆ ಕೈ ಹಾಕದಿರುವುದು. ಕೊನೆಗೆ ಮನೆಯವರೇ ‘ಅಜ್ಜಿದು ಒಂದು ಕುಪ್ಪಸ ಅದ ನೋಡ್ರಿ, ಕೊಟ್ಟುಬಿಡಾವ್ರು ಇದ್ದೇವು’ ಎನ್ನುವವರೆಗೆ ಕಾಯುವುದು. ಟೀಚರ್ ಬಾಗಿಲಿಗೆ ಬಂದರೆಂದರೆ ಆ ಮನೆಯಲ್ಲಿ ಯಾರೋ ಹೋದರೆಂದೇ ಅರ್ಥ ಎಂದು ಓಣಿಯವರು ಹಿಂದಿನಿಂದ ನಗುತ್ತಿದ್ದರು. ಅವರು ಅದನ್ನು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಆದರೂ ಜನ ಅವರಿಗೆ ಬಟ್ಟೆ ಕೊಡುತ್ತಿದ್ದುದಕ್ಕೆ ಒಂದು ಕಾರಣವಿತ್ತು. ಅವರು ತೆಗೆದುಕೊಂಡು ಹೋದ ಬಟ್ಟೆಯನ್ನು ಎಂದೂ ಹಾಗೇ ಮರಳಿಸಲಿಲ್ಲ. ಹೊಸದಾಗಿ ಒಂದು ಹೂವು ಕಸೂತಿ ಹಾಕಲು ಅವರಿಗೆ ಬಾರದು, ಆದರೆ ತೊಳೆಯುವುದರಲ್ಲಿ, ಹರಿದದ್ದನ್ನು ಕೂಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅಂಟುವಾಳ ಕಾಯಿಯ ನೊರೆಯಲ್ಲಿ ನೆನೆಸಿ, ಹಿಂಡದೆ, ನೆರಳಿನಲ್ಲಿ ಬಿಳಿ ಚಾದರದ ಮೇಲೆ ಮಲಗಿಸಿ ಒಣಗಿಸುತ್ತಿದ್ದರು. ಬಟ್ಟೆ ಮುಟ್ಟುವ ಮುಂಚೆ ಬಳೆ, ಉಂಗುರ ತೆಗೆದಿಡುತ್ತಿದ್ದರು. ಹಳೆ ಟ್ರಂಕಿನ ಧೂಳು ಮತ್ತು ನುಸಿಗುಳಿಗೆಯ ಘಾಟು ಅವರ ಉಸಿರಿಗೆ ಆಗದು, ಅದಕ್ಕೆ ಮೂಗಿಗೆ ಬಾಯಿಗೆ ಮಾಸ್ಕು. ಅಜ್ಜಿಯ ಕುಪ್ಪಸ ಮರಳಿ ಬಂದಾಗ ಮೊಮ್ಮಕ್ಕಳು ‘ಇದೇ ಏನು ಅದು?’ ಎಂದು ಕಣ್ಣರಳಿಸುತ್ತಿದ್ದರು. ಟೀಚರಿಗೆ ಅದೇ ದೊಡ್ಡ ಬಿರುದು.

ಸಿದ್ರಾಳನ್ನು ಅವರು ಮೊದಲು ಕಂಡದ್ದು ಕೋಟೆಯ ಹತ್ತಿರ ಅಕ್ರಮ್ ಅವರ ಕಾರ್ಚೋಬಿ ಅಂಗಡಿಯಲ್ಲಿ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಜರಿ, ಮಣಿಗಳಿಂದ ಮಾಡುವ ಕಸೂತಿ ಕಾರ್ಚೋಬಿ. ಅಕ್ರಮ್ ಮದುವೆಯ ಆರ್ಡರು ಹಿಡಿದು ಸುತ್ತಲ ಊರುಗಳ ಹೆಣ್ಣುಮಕ್ಕಳಿಗೆ ಮನೆಗೇ ಕೆಲಸ ಕೊಡುತ್ತಿದ್ದ. ಸಿದ್ರಾ ಕಮಲಾಪುರದವಳು. ಇಪ್ಪತ್ತೆರಡರ ಹುಡುಗಿ, ಕಪ್ಪು ಬುರ್ಖಾದ ಒಳಗಿನಿಂದ ಸದಾ ನಗುವ ಕಣ್ಣು. ಮುಗಿಸಿದ ಕೆಲಸ ಕೊಡಲು ಅವತ್ತು ಬಸ್ಸಿಗೆ ಬಂದಿದ್ದಳು. ತನಗಾಗಿ ತಾನೇ ಕಸೂತಿ ಹಾಕಿಕೊಂಡ ಒಂದು ಕಡುಹಸಿರು ಕುರ್ತಾ ಬುರ್ಖಾದ ಕೆಳಗೆ ಇತ್ತು. ಅದರ ತೋಳಿನ ತುದಿ ಕಂಡದ್ದೇ ತಡ, ಟೀಚರ್ ಅವಳ ಕೈ ಹಿಡಿದು ತೋಳನ್ನು ಮಗುಚಿ ಹಿಂಭಾಗ ನೋಡಿಬಿಟ್ಟರು.

ಎಲ್ಲರೂ ಹಾಕುವುದು ಮಾವಿನಕಾಯಿಯ ಆಕಾರ. ಈ ಹುಡುಗಿ ಹಾಕಿದ್ದು ಬಾಳೆಯ ಹೂವಿನ ಮೂತಿ. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುವವನು, ಅದನ್ನೇ ನೋಡಿ ಬೆಳೆದವಳು. ಒಂದೊಂದು ಎಸಳನ್ನು ಜರಿಯಲ್ಲಿ ಮಾಡಿ, ತುದಿಗೆ ಲಂಬಾಣಿಯವರ ಹಾಗೆ ಒಂದು ಸಣ್ಣ ಕನ್ನಡಿ ಕೂರಿಸಿದ್ದಳು. ಕನ್ನಡಿ ಕೂರಿಸುವುದನ್ನು ತಾಂಡಾದ ಗೆಳತಿಯೊಬ್ಬಳು ಕಲಿಸಿದ್ದಳಂತೆ.

‘ಮಿಸ್, ನೀವು ಪೇಪರಿನ್ಯಾಗ ಬರೀತೀರಲ್ಲ, ನಂದೂ ಒಂದ ಸಲ ಬರೀರಲ’ ಎಂದಳು ಸಿದ್ರಾ.

‘ಹಳೇದಾಗಲಿ ತಡಿಯವಾ. ನಾ ಬರಿಯೋದು ಇತಿಹಾಸ. ನೀ ನೋಡಿದ್ರ ಇನ್ನೂ ಎಳೀ ಕೂಸು.’

‘ಇದು ಹಳೇದಾಗೂತನಾ ನೀವು ಇರ್ತೀರೇನ್ರಿ?’

ಅಂಗಡಿಯಲ್ಲಿ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಟೀಚರೂ ನಕ್ಕರು. ನಾಲ್ಕು ತಿಂಗಳಿಗೆ ಅಕ್ರಮ್ ಫೋನ್ ಮಾಡಿದ. ಎಂಟು ದಿನದ ಜ್ವರ, ಒಂಬತ್ತನೆಯ ದಿನ ಹುಡುಗಿ ಇರಲಿಲ್ಲ.

ಈ ಸಾವಿನ ಮನೆಗೆ ಮಾತ್ರ ಟೀಚರಿಗೆ ಕಾಲು ಏಳಲಿಲ್ಲ. ಬಾಯಿಬಿಟ್ಟು ಕೇಳಿದ ಮಗುವಿಗೆ ಹಳೇದಾಗಲಿ ತಡಿ ಅಂದೆನಲ್ಲ ಎಂದು ಗಂಡನ ಮುಂದೆ ನಾಲ್ಕಾರು ಸಲ ಹೇಳಿಕೊಂಡು ಒದ್ದಾಡಿದರು. ಹೋಗಲೋ ಬೇಡವೋ ಎನ್ನುವುದರಲ್ಲೇ ನಲವತ್ತು ದಿನ ಕಳೆದವು. ಐವತ್ತೊಂದನೆಯ ದಿನ ಕಮಲಾಪುರದ ಬಸ್ಸು ಹತ್ತಿದರು. ಬಟ್ಟೆಗಾಗಿ ಹೋಗುತ್ತಿಲ್ಲ, ಅದೆಲ್ಲ ಹಂಚಿ ಹೋಗಿರುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು. ಚೀಲದಲ್ಲಿ ಮಾತ್ರ ನೋಟ್‌ಬುಕ್ಕು, ಅಳತೆಯ ಟೇಪು, ಭೂತಗನ್ನಡಿ ಎಲ್ಲವೂ ಇದ್ದವು.

ಸಿದ್ರಾಳ ತಾಯಿ ಶಾಹಜಾದಿ ನಲವತ್ತೈದರ ಹೆಂಗಸು. ಹೆಸರಿಗೆ ರಾಜಕುಮಾರಿ, ಇರುವುದು ತಗಡಿನ ಎರಡು ಕೋಣೆಯಲ್ಲಿ. ಮಗಳ ಚೌಕಟ್ಟು ಗೋಡೆಗೆ ಒರಗಿತ್ತು. ಟೀಚರ್ ಹೆಸರು ಹೇಳಿದ ಕೂಡಲೇ ಆಕೆ, ‘ಗೊತ್ತದ ಬರ್ರಿ ಅಕ್ಕಾರ. ನಮ್ಮ ಹುಡಿಗಿ ನಿಮ್ಮ ಪೇಪರ್ ಕತ್ರಿಸಿ ಇಡ್ತಿದ್ಳು’ ಎಂದು ಕೂರಿಸಿ ನೀರು ಕೊಟ್ಟಳು. ಟೀಚರ್ ಎಂದಿನಂತೆ ಒಂದು ತಾಸು ಸುಮ್ಮನೆ ಕೂತರು. 

ಕೊನೆಗೆ ಶಾಹಜಾದಿಯೇ ಎದ್ದು ಟ್ರಂಕಿನ ತಳಕ್ಕೆ ಕೈ ಹಾಕಿದಳು. ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು, ಎರಡಕ್ಕೂ ಬಿಗಿಯಾದ ಗಂಟು. ಒಳಗೆ ಅದೇ ಕಡುಹಸಿರು ಕುರ್ತಾ. ‘ಎಲ್ಲಾ ಕೊಟ್ಟುಬಿಡಬೇಕ್ರಿ ನಮ್ಮಲ್ಲಿ. ಕೊಟ್ಟೆ. ಇದೊಂದು ಮುಚ್ಚಿಟ್ಟೀನಿ. ಜ್ವರ ಬಂದ ದಿನ ಬಿಚ್ಚಿ ಗೂಟಕ್ಕ ಹಾಕಿದ್ಳು.’

ಟೀಚರ್ ಬಳೆ ತೆಗೆದಿಟ್ಟರು, ಮಾಸ್ಕು ಕಟ್ಟಿಕೊಂಡರು. ಶಾಹಜಾದಿ ಆ ಮಾಸ್ಕನ್ನೇ ನೋಡಿದಳು. ‘ಹೊಲಸಿಲ್ರೀ ಅಕ್ಕಾರ. ನಾಕೈದು ಸಲ ಉಟ್ಟಾಳ ಅಷ್ಟೇ.’

‘ಅದಕ್ಕಲ್ಲ ತಂಗೀ, ನನಗ ಉಸಿರಿನ ತ್ರಾಸ. ಆದ್ರ ಒಂದು ಮಾತು. ಹಿಂಗ ಪ್ಲಾಸ್ಟಿಕಿನ್ಯಾಗ ಗಂಟು ಹಾಕಿ ಇಡಬಾರದು, ಬಟ್ಟಿ ಬೆವರತದ, ಜರಿ ಕಪ್ಪಾಗ್ತದ. ಗಾಳಿ ಆಡಬೇಕು.’

‘ಗಾಳಿ ಆಡಬಾರದ್ರಿ’ ಎಂದಳು ಶಾಹಜಾದಿ, ಮೆಲ್ಲಗೆ. ಟೀಚರ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಆಗಲೇ ಕುರ್ತಾದ ಹಿಂಭಾಗ ಮಗುಚಿದ್ದರು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಭೂತಗನ್ನಡಿಯಲ್ಲಿ ಬಾಳೆಯ ಎಸಳುಗಳ ಒಳಗೆ ಇಳಿದುಬಿಟ್ಟಿದ್ದರು. ಇಂಥ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಒಂದು ವಾರಕ್ಕೆ ಇದನ್ನು ಕೊಡುತ್ತೀರಾ, ಫೋಟೋ ತೆಗೆಸಬೇಕು, ಸರಿಯಾಗಿ ಬರೆಯಬೇಕು ಎಂದು ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಶಾಹಜಾದಿಯ ಗಂಡ ಮೈಬೂಬ ಬೇಡವೆಂದು ತಲೆಯಾಡಿಸಿದ. ಶಾಹಜಾದಿ ಅವನ ಕಡೆ ನೋಡದೆ ಕೇಳಿದಳು: ‘ಹೆಸರು ಬರ್ತದೇನ್ರಿ? ಸಿದ್ರಾ ಅಂತ?’

‘ದೊಡ್ಡ ಅಕ್ಷರದಾಗ ಬರ್ತದ.’

‘ಆಕಿಗಿ ಭಾಳ ಆಶಾ ಇತ್ರಿ’ ಎಂದು ಆಕೆ ಕುರ್ತಾ ಮಡಚಿ ಮತ್ತೆ ಚೀಲಕ್ಕೆ ಹಾಕಿ ಎರಡು ಗಂಟೂ ಬಿಗಿದಳು. ‘ಲಗೂ ತಂದು ಕೊಡ್ರಿ. ಭಾಳ ಹೊತ್ತು ಬಿಚ್ಚಿ ಇಡಬ್ಯಾಡ್ರಿ. ನನ್ ಬಲ್ಲಿ ಇನ್ನೇನೂ ಉಳಿದಿಲ್ಲ.’

ಒಂಬತ್ತು ದಿನ ಆ ಕುರ್ತಾ ಐವಾನ್-ಎ-ಶಾಹಿಯ ಮನೆಯಲ್ಲಿತ್ತು. ಟೀಚರ್ ಹದಿನಾಲ್ಕು ವರ್ಷದಲ್ಲಿ ಯಾವ ಬಟ್ಟೆಗೂ ಪಡದಷ್ಟು ಶ್ರಮ ಅದಕ್ಕೆ ಪಟ್ಟರು. ನೋಟ್‌ಬುಕ್ಕಿನಲ್ಲಿ ಆರು ಪುಟ ತುಂಬಿದವು. ಲೇಖನ ನಾಲ್ಕು ಸಲ ತಿದ್ದಿದರು. ಸತ್ತ ಹುಡುಗಿಗೆ ಕೊಡಬಹುದಾದದ್ದು ಇದೊಂದೇ ಎಂದು ಅವರ ಮನಸ್ಸು. ಫೋಟೋ, ಬರಹ ಎಲ್ಲ ಪತ್ರಿಕೆಗೆ ಕಳಿಸಿದ ಮೇಲೆ ಬಕೆಟ್ಟಿನಲ್ಲಿ ಅಂಟುವಾಳ ನೆನೆಹಾಕಿದರು.

ನಾಗಣ್ಣನವರು ಪೇಪರಿನಿಂದ ತಲೆಯೆತ್ತಿ, ‘ತೊಳದು ಕೊಡ್ರಿ ಅಂತ ಆಕಿ ಹೇಳ್ಯಾಳೇನು?’ ಎಂದರು.

‘ಹೇಳಬೇಕೇನ್ರಿ ಅದನ್ನ? ಇಸಗೊಂಡ ಬಟ್ಟಿ ಹಾಂಗೇ ಹೊಲಸ ತಿರುಗಿ ಕೊಡ್ತಾರೇನು ಯಾರರೆ? ಮಗಳನ್ನ ಕಳಕೊಂಡಾಕಿ, ಆಕಿಗಿ ತೊಳಿಲಿಕ್ಕಿ ಎಲ್ಲಿ ಮನಸು ಬರಬೇಕು, ಪಾಪ.’

ನಾಗಣ್ಣನವರು ಮತ್ತೆ ಪೇಪರಿಗೆ ಇಳಿದರು. ಅವರು ಇನ್ನೊಂದು ಮಾತು ಆಡಿದ್ದರೆ ಎಂದು ಈಗ ಅನ್ನಿಸಬಹುದು, ಆಡಿದ್ದರೂ ಟೀಚರ್ ಕೇಳುತ್ತಿರಲಿಲ್ಲ. ಪ್ರೀತಿಯಿಂದ ತೊಳೆದರು ಅದನ್ನು. ಎರಡು ಸಲ ನೆನೆಸಿದರು, ಮೂರು ನೀರು ತೆಗೆದರು. ಸಡಿಲಾಗಿದ್ದ ಎರಡು ಕನ್ನಡಿಗಳನ್ನು ಅದೇ ಬಣ್ಣದ ದಾರ ಹುಡುಕಿ ಬಿಗಿದರು. ನೆರಳಲ್ಲಿ ಒಣಗಿ ಎದ್ದ ಕುರ್ತಾ ಈಗಷ್ಟೇ ಚೌಕಟ್ಟಿನಿಂದ ಬಿಡಿಸಿದ ಹಾಗಿತ್ತು. ಟೀಚರಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಹೊಸ ತೆಳು ಹತ್ತಿಯ ಮಲ್ ಬಟ್ಟೆ ತಂದು ಅದರಲ್ಲಿ ಸುತ್ತಿದರು.

ಭಾನುವಾರ ಲೇಖನ ಬಂತು. ಅರ್ಧ ಪುಟ, ಬಣ್ಣದ ಫೋಟೋ, ಮೇಲೆ ದೊಡ್ಡದಾಗಿ ‘ಸಿದ್ರಾಳ ಬಾಳೆಹೂವು’. ಸೋಮವಾರ ಬೆಳಿಗ್ಗೆಯೇ ಪತ್ರಿಕೆಯ ಐದು ಪ್ರತಿ ಹಿಡಿದು ಕಮಲಾಪುರದಲ್ಲಿ ಇಳಿದರು. ಮೈಬೂಬ ಕೈಗಾಡಿ ಬಿಟ್ಟು ಅವರ ಜೊತೆಯೇ ಮನೆಗೆ ಬಂದು ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಶಾಹಜಾದಿಗೆ ಕನ್ನಡ ಓದಲು ಬಾರದು. ಆಕೆ ಅಕ್ಷರಗಳ ಮೇಲೆ ಬೆರಳಾಡಿಸಿದಳು, ಫೋಟೋ ನೋಡಿದಳು, ಎದ್ದು ಪತ್ರಿಕೆಯನ್ನು ಎತ್ತರದ ಕಪಾಟಿನಲ್ಲಿಟ್ಟಳು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಒಂದು ಬಗೆಯ ಸಮಾಧಾನವೂ ಇತ್ತು. ಆಮೇಲೆ ಎರಡೂ ಕೈ ಚಾಚಿದಳು.

ಟೀಚರ್ ಮಲ್ ಬಟ್ಟೆಯ ಗಂಟು ಕೊಟ್ಟರು. ಶಾಹಜಾದಿಯ ಕೈ ಮಲ್ ಬಟ್ಟೆ ಮುಟ್ಟಿದ ಕೂಡಲೇ ಒಂದು ಕ್ಷಣ ತಡೆಯಿತು. ಬಿಚ್ಚಿದಳು. ಕುರ್ತಾವನ್ನು ಎತ್ತಿ, ಕೊರಳ ಪಟ್ಟಿಗೆ ಮುಖವಿಟ್ಟಳು. ಮುಖ ತೆಗೆದಳು. ತೋಳಿನ ಸಂದಿಗೆ ಮುಖವಿಟ್ಟಳು. ಕುರ್ತಾವನ್ನು ತಿರುಗಿಸಿ ಬೆನ್ನಿಗೆ, ಮತ್ತೆ ಕೊರಳಿಗೆ. ಟೀಚರ್ ಅದನ್ನು ಮುದ್ದು ಎಂದುಕೊಂಡರು. ತಾಯಿ ಮಗಳ ಬಟ್ಟೆ ಮುದ್ದಿಸುತ್ತಿದ್ದಾಳೆ ಎಂದು ಇವರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಹಳ ಹೊತ್ತಿನ ಮೇಲೆ ಶಾಹಜಾದಿ ಕುರ್ತಾ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ‘ಭಾಳ ಚಂದ ತೊಳದೀರಿ ಅಕ್ಕಾರ’ ಎಂದಳು. ‘ಕೂಡ್ರಿ, ಚಾ ಮಾಡ್ತೀನಿ.’

ಚಹಾ ಮಾಡಿ ತಂದಳು. ಸಕ್ಕರೆ ಹಾಕಲು ಮರೆತಿದ್ದಳು. ಟೀಚರ್ ಅದನ್ನೇ ಕುಡಿದು ಎದ್ದರು.

ಬಸ್ ಸ್ಟ್ಯಾಂಡಿನವರೆಗೆ ಮೈಬೂಬ ಬಂದ. ಬೇಡ ಬೇಡವೆಂದರೂ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಚೀಲಕ್ಕೆ ತುರುಕಿದ. ಬಸ್ಸು ದೂರದಲ್ಲಿ ಕಂಡಿತು. ಆಗ ಅವನು ರಸ್ತೆಯ ಕಡೆ ನೋಡುತ್ತಲೇ ಹೇಳಿದ: ‘ಟೀಚರ್ ಬಾಯಿ, ನೀವು ಮನಸಿಗಿ ಹಚ್ಚಿಕೋಬ್ಯಾಡ್ರಿ. ಅದರಾಗ ಹುಡಿಗಿ ವಾಸನಿ ಇತ್ರಿ. ಇಕಿ ಶುಕ್ರವಾರ ಜುಮ್ಮಾದ ದಿನ ಒಂದ ಸಲ ಗಂಟು ಬಿಚ್ಚಿ ಮೂಸಿ ಮತ್ತ ಕಟ್ಟತಿದ್ಳು. ದಿನಾ ಬಿಚ್ಚಿದ್ರ ಲಗೂ ಮುಗಿತದ ಅಂತ.’

ಟೀಚರಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಚೀಲ ಕೆಳಗಿಟ್ಟುಬಿಟ್ಟರು. ‘ಮೈಬೂಬ, ಮೊದಲೇ ಒಂದು ಮಾತು ಹೇಳಬಾರದೇನಪಾ?’

‘ಆಕಿಗಿ ನಾಚಿಕಿ ಆತ್ರಿ. ತೊಳಿಬ್ಯಾಡ್ರಿ, ವಾಸನಿಗಿ ಇಟ್ಟೀನಿ ಅಂತ ಹ್ಯಾಂಗ ಹೇಳಬೇಕು? ಹುಚ್ಚಿ ಅಂತಾರ.’ ಬಸ್ಸು ಬಂತು. ಅವನು ಚೀಲ ಎತ್ತಿ ಕೊಟ್ಟು, ಕಂಡಕ್ಟರಿಗೆ ಬಾಯಿಯವರನ್ನು ಕಿಟಕಿ ಪಕ್ಕ ಕೂರಿಸೆಂದು ಹೇಳಿದ.

ಕಲಬುರಗಿ ಬರುವವರೆಗೂ ಟೀಚರ್ ಕಿಟಕಿಯ ಸರಳು ಬಿಡಲಿಲ್ಲ. ಸಾವಿನ ಮನೆಯ ಬಟ್ಟೆಯ ಮೇಲೆ ಹದಿನಾಲ್ಕು ವರ್ಷ ಬರೆದವರು, ನಲವತ್ತು ದಿನದ ಸಂಪ್ರದಾಯದ ಮೇಲೇ ಎರಡು ವಾರ ಬರೆದವರು, ಒಬ್ಬ ತಾಯಿ ಆ ಸಂಪ್ರದಾಯ ಮುರಿದು ಒಂದು ಬಟ್ಟೆ ಯಾಕೆ ಉಳಿಸಿಕೊಂಡಳು ಎಂದು ಒಮ್ಮೆಯೂ ಯೋಚಿಸಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದರು. ರಾತ್ರಿ ಬೀದರಿನ ಮಗಳಿಗೆ ಫೋನ್ ಮಾಡಿ, ಅವಳು ಏನು ವಿಷಯ ಎಂದರೆ ಏನೂ ಇಲ್ಲ ಎಂದು ಇಟ್ಟುಬಿಟ್ಟರು. ಆ ವಾರದ ಅಂಕಣ ಮೊದಲೇ ಬರೆದಿಟ್ಟಿದ್ದರು, ಅದು ಹೋಯಿತು. ಮುಂದಿನದಕ್ಕೆ ಕೂತರೆ ಕೈ ಓಡಲಿಲ್ಲ.

ಮೂರನೆಯ ವಾರ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ನಾಗಣ್ಣನವರು ತೆರೆದರೆ ಶಾಹಜಾದಿ. ಒಬ್ಬಳೇ ಬಂದಿದ್ದಳು, ಅಕ್ರಮ್ ಅಂಗಡಿಯಲ್ಲಿ ವಿಳಾಸ ಕೇಳಿಕೊಂಡು, ಎರಡು ಆಟೋ ಬದಲಿಸಿ. ಟೀಚರ್ ಅವಳನ್ನು ಕಂಡವರೇ ಕೈ ಮುಗಿದುಬಿಟ್ಟರು. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಶಾಹಜಾದಿ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

‘ಜಗಳಕ್ಕ ಬಂದಿಲ್ರೀ ಅಕ್ಕಾರ. ಒಂದು ಕೇಳಬೇಕಾಗಿತ್ತು.’ ಆಕೆ ನೆಲದ ಮೇಲೆಯೇ ಕೂತಳು. ‘ನನಗ ಮರಿಯಾಕತ್ತದ್ರಿ. ಒಂದು ವಾರದಿಂದ ಮೂಗಿನಾಗ ತರಬೇಕಂದ್ರ ಬರವಲ್ದು. ಒಂದು ನೆಲ್ಲಿಕಾಯಿ ಎಣ್ಣಿ, ಅದು ನಾನೇ ತಲಿಗಿ ಹಚ್ಚತಿದ್ದೆ. ಬಟ್ಟಿಮ್ಯಾಲ ಡಿಜೈನ್ ಇಳಸಾಕ ಸುಣ್ಣದ ಪುಡಿ ಚಿಮಣಿ ಎಣ್ಣ್ಯಾಗ ಕಲಸ್ತಿದ್ಳು, ಅದೊಂದು. ಅವೆರಡೂ ತಂದು ಕೂಡಿಸಿ ನೋಡಿದೆ. ಸಿದ್ರಾ ಆಗವಲ್ಲಳ್ರಿ. ಇನ್ನೊಂದಿತ್ತು. ಅದು ಏನಂತ ನೆನಪಿಗಿ ಬರವಲ್ದು.’

ಟೀಚರ್ ಅಳುತ್ತಿದ್ದರು. ಶಾಹಜಾದಿ ಅಳುತ್ತಿರಲಿಲ್ಲ, ಕೆಲಸದ ಮೇಲೆ ಬಂದವಳ ಹಾಗೆ ಮುಂದಕ್ಕೆ ಬಾಗಿದ್ದಳು.

‘ನೀವು ಎಲ್ಲಾ ಬರಕೊಳ್ಳಾವ್ರು. ನಮ್ಮ ಮನ್ಯಾಗ ಕೂತು ಎಷ್ಟೆಷ್ಟೋ ಬರಕೊಂಡ್ರಿ. ಒಂಬತ್ತು ದಿನ ನಿಮ್ಮ ಬಲ್ಲಿ ಇತ್ತಲ್ರಿ. ಅದೂ ಬರಕೊಂಡೀರೇನ್ರಿ?’

ನಾಗಣ್ಣನವರು ಒಳಗಿನಿಂದ ನೋಟ್‌ಬುಕ್ಕು ತಂದು ಹೆಂಡತಿಯ ಕೈಗೆ ಕೊಟ್ಟರು. ಟೀಚರಿಗೆ ಗೊತ್ತಿತ್ತು ಅದರಲ್ಲಿಲ್ಲವೆಂದು. ಹದಿನಾಲ್ಕು ವರ್ಷದಲ್ಲಿ ಯಾವ ಬಟ್ಟೆಯ ವಾಸನೆಯನ್ನೂ ಅವರು ಬರೆದವರಲ್ಲ, ಮಾಸ್ಕು ತೆಗೆದವರೇ ಅಲ್ಲ. ಒಂದು ಸುಳ್ಳು ಹೇಳಿಬಿಡಲೇ ಎಂದು ಮನಸ್ಸಿಗೆ ಬಂತು. ಅತ್ತರು ಎನ್ನಬಹುದು, ಮಲ್ಲಿಗೆ ಎನ್ನಬಹುದು, ಆಕೆ ನಂಬಿಕೊಂಡು ಹೋಗುತ್ತಾಳೆ. ಆಕೆಯ ಮುಖ ನೋಡಿ ನಾಲಿಗೆ ಹೊರಳಲಿಲ್ಲ.

‘ಓದ್ರಿ ಅಕ್ಕಾರ. ಏನು ಬರದೀರಿ ಅದನ್ನೇ ಓದ್ರಿ.’

ಟೀಚರ್ ಓದಿದರು. ಬಟ್ಟೆ ಇಂಥದು, ಬಣ್ಣ ಇಂಥದು. ಎಸಳು ಹನ್ನೊಂದು, ಕನ್ನಡಿ ಹನ್ನೊಂದು. ಹಿಂಭಾಗ ಅತಿ ಸ್ವಚ್ಛ, ಗಂಟುಗಳು ಕಾಣಿಸುವುದಿಲ್ಲ. ಒಂದೊಂದಕ್ಕೂ ಶಾಹಜಾದಿ ಹೂಂ ಎನ್ನುತ್ತ ಹೋದಳು. ಆರನೆಯ ಪುಟದ ಕೊನೆಗೆ ಬಂದು ಟೀಚರ್ ನಿಂತರು.

‘ಮುಂದ?’

‘ಕೊರಳ ಪಟ್ಟಿಯಲ್ಲಿ ಎಣ್ಣೆಯ ಜಿಡ್ಡು’ ಎಂದು ಓದಿದರು ಟೀಚರ್. ‘ಕಂಕುಳಲ್ಲಿ ಬೆವರಿನ ಕಲೆ.’

‘ಹೌದ್ರಿ’ ಎಂದಳು ಶಾಹಜಾದಿ. ಆಕೆಯ ಕಣ್ಣು ಬೆಳಗಿತು. ‘ಅದೇ ಅದ ನೋಡ್ರಿ. ಬೆವರು. ಕೂತ್ಕೊಂಡ್ರ ಹೊತ್ತು ಮುಣಗೂತನಾ ಏಳ್ತಿದ್ದಿಲ್ಲ ಚೌಕಟ್ಟ ಬಿಟ್ಟು. ಅದೇ ವಾಸನಿ ಇತ್ತು. ಮುಂದ ಏನು ಬರದೀರಿ?’

ಮುಂದೆ ಇದ್ದದ್ದು ಒಂದೇ ಸಾಲು. ತಮ್ಮದೇ ದುಂಡಗಿನ ಅಕ್ಷರ, ಅಡಿಯಲ್ಲಿ ತಾವೇ ಎಳೆದ ಗೆರೆ. ಟೀಚರ್ ಅದನ್ನೂ ಓದಿದರು.

‘ತೊಳೆದರೆ ಹೋಗುತ್ತದೆ.’

ಶಾಹಜಾದಿ ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದಳು, ಓದಲು ಬರುವವಳ ಹಾಗೆ.

‘ಹೋತ್ರೀ ಅಕ್ಕಾರ’ ಎಂದಳು.